ಅಕ್ಕನ ಪಥ್ಯ

ಅಕ್ಕ ಚೊಚ್ಚಲ ಬಾಣಂತನಕ್ಕೆಂದು ಅರಕಲಗೂಡಿನ ನಮ್ಮ ಮನೆಗೆ ಬಂದದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ. ಅವಳನ್ನು ಹೊಳೆನರಸೀಪುರಕ್ಕೆ ಕೊಟ್ಟು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಗಾಡಿಯಿಂದ ಇಳಿದವಳು ಕಾಲು ತೊಳೆದು ನೇರವಾಗಿ ಅಡಿಗೆಮನೆಗೆ ಹೋಗಿ, ಒಲೆಯ ಮೇಲಿನ ಗಡಿಗೆಯ ಮುಚ್ಚಳ ತೆಗೆದು ನೋಡಿದಳು. ಬಸ್ಸಾರಿಗೆಂದು ದಂಟಿನ ಸೊಪ್ಪು ಬೇಯುತ್ತಿತ್ತು. ಇದಕ್ಕೇ ಬಂದೆ ಎಂದು ಅವ್ವನಿಗೆ ಹೇಳಿ ನಕ್ಕಳು.

ಊಟವೆಂದರೆ ಅವಳಿಗೆ ಸಂತೋಷದ ಕೆಲಸ. ಮಳೆ ಬಿದ್ದು ಕೆಲವು ದಿನಕ್ಕೆ ಹೊಲದ ಬದುಗಳಲ್ಲಿ ತಾನಾಗಿ ಏಳುವ ಬೆರಕೆ ಸೊಪ್ಪನ್ನು ಮಡಿಲು ತುಂಬ ಕಿತ್ತು ತರುತ್ತಿದ್ದವಳು ಅವಳೇ. ಹುರುಳಿಕಾಳಿನ ಸಾರು ಇದ್ದ ದಿನ ಅವಳ ಮುದ್ದೆ ಎಲ್ಲರದಕ್ಕಿಂತ ದೊಡ್ಡದು. ಹೊಟ್ಟೆ ತುಂಬಿತೆಂದರೆ ಮುಗಿಯಿತು, ಎದುರಿಗೆ ಹೋಳಿಗೆ ಇದ್ದರೂ ಎಲೆ ಮಡಿಸಿ ಏಳುವಳು. ಯಾರೂ ಅವಳಿಗೆ ಇದನ್ನು ಕಲಿಸಿರಲಿಲ್ಲ.

ಅಂದು ಮಧ್ಯಾಹ್ನ ಅವಳ ಎಲೆಗೆ ಆ ಸೊಪ್ಪು ಬೀಳಲಿಲ್ಲ. ಅಜ್ಜಿ, ಎಂದರೆ ಅಪ್ಪನ ತಾಯಿ, ಬಡಿಸಲು ಬಂದ ಅವ್ವನನ್ನು ಕಣ್ಣಲ್ಲೇ ತಡೆದಳು. ತುಂಬಿದ ಬಸುರಿಗೆ ಸೊಪ್ಪು ಶೀತ, ಮುದ್ದೆ ಭಾರ, ಕಾಳು ವಾಯು. ಅಕ್ಕನಿಗೆ ಮಿಲ್ಲಿನ ಅಕ್ಕಿಯ ಅನ್ನ ಮತ್ತು ತುಪ್ಪ ಬಂತು.

ಆ ಅನ್ನ ನಮ್ಮ ಮನೆಯ ಹೆಮ್ಮೆ. ಅಪ್ಪ ಬೆಲ್ಲ ಮತ್ತು ಧಾನ್ಯದ ಮಂಡಿ ಇಟ್ಟಿದ್ದರು. ಊರಿಗೆ ಮಿಲ್ಲು ಬಂದ ಮೇಲೆ ನಮ್ಮ ಮನೆಯ ಭತ್ತ ಒರಳನ್ನು ಕಾಣಲಿಲ್ಲ. ಮಲ್ಲಿಗೆಯಂತೆ ಬೆಳ್ಳಗಿರುವ ಅನ್ನ ನೆಂಟರ ಎದುರಿಗೆ ಬಿದ್ದಾಗ ಅಪ್ಪನ ಮುಖ ನೋಡಬೇಕಿತ್ತು. ಮಿಲ್ಲು ಬಂದದ್ದು ಅವ್ವನಿಗೂ ಇಷ್ಟವೇ. ಒನಕೆ ಹಿಡಿದು ಹಿಡಿದು ಅವಳ ಅಂಗೈ ಜಡ್ಡುಗಟ್ಟಿತ್ತು. ರಾಗಿ ಮನೆಯಿಂದ ಪೂರ್ತಿ ಹೋಗಿರಲಿಲ್ಲ, ಆದರೆ ಅದು ಹಿತ್ತಿಲ ಕಡೆಯ ಊಟವಾಗಿತ್ತು. ಆಳುಗಳಿಗೆ, ಹೆಂಗಸರಿಗೆ, ನೆಂಟರಿಲ್ಲದ ದಿನಕ್ಕೆ. ಅಕ್ಕನ ಗಂಡನ ಮನೆಯಲ್ಲಿ ಅದೂ ಇರಲಿಲ್ಲವಂತೆ. ಮೂರು ಹೊತ್ತೂ ಅಕ್ಕಿ. ಮಗಳು ಒಳ್ಳೆಯ ಮನೆ ಸೇರಿದಳು ಎಂದು ಅಪ್ಪ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದುದರಲ್ಲಿ ಇದೂ ಸೇರಿತ್ತು.

ಅಜ್ಜಿಯ ಲೆಕ್ಕದಲ್ಲಿ ಲೋಕದ ತಿನಿಸೆಲ್ಲ ಎರಡೇ ಪಾಲು, ನಂಜು ಮತ್ತು ನಂಜಲ್ಲದ್ದು. ಕೇರಿಯ ಹೆಂಗಸರು ಜ್ವರಕ್ಕೆ, ಕೆಮ್ಮಿಗೆ, ಬಾಣಂತನಕ್ಕೆ ಅವಳನ್ನೇ ಕೇಳಲು ಬರುತ್ತಿದ್ದರು. ಅವಳು ಯಾರಿಗೂ ಇಂಥದ್ದು ತಿನ್ನು ಎಂದದ್ದನ್ನು ನಾನು ಕೇಳಿಲ್ಲ. ಇಂಥದ್ದು ಬಿಡು ಎನ್ನುವುದೇ ಅವಳ ಮದ್ದು. ಬಿಟ್ಟಷ್ಟೂ ಮೈ ಹಗುರ, ಮೈ ಹಗುರವಾದಷ್ಟೂ ಆಯುಸ್ಸು. ಅವಳ ಮಾತಿನಲ್ಲಿ ಕೆಡುಕು ಇರಲಿಲ್ಲ. ಹೆರಿಗೆಯಾದವಳಿಗೆ ಸನ್ನಿ ಬಡಿಯುವುದನ್ನು, ಜ್ವರದ ಬಾಯಲ್ಲಿ ಏನೇನೋ ಮಾತಾಡುತ್ತ ಸಾಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಭಯ ಅವಳನ್ನು ಬಿಟ್ಟಿರಲಿಲ್ಲ.

ಅಕ್ಕನಿಗೆ ಗಂಡು ಕೂಸು ಹುಟ್ಟಿತು. ಹೆರಿಗೆ ಸುಖವಾಗಿಯೇ ಆಯಿತು. ಅದಾದ ಮೇಲೆ ಪಡಸಾಲೆಯ ಪಕ್ಕದ ಕತ್ತಲೆ ಕೋಣೆ, ಕಿವಿಗೆ ಸುತ್ತಿದ ಬಟ್ಟೆ, ಮಂಚದ ಕೆಳಗೆ ಕೆಂಡ. ಊಟ ದಿನವೂ ಒಂದೇ: ಬೆಳ್ಳಗಿನ ಅನ್ನ, ಅದರ ಮೇಲೆ ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಬೇಳೆ ಇಲ್ಲ, ಸೊಪ್ಪಿಲ್ಲ, ಹಾಲು ಮಜ್ಜಿಗೆ ಇಲ್ಲ. ನೀರು ಕೂಡ ಕುದಿಸಿ ಆರಿಸಿದ್ದು, ಗಂಟಲು ನೆನೆಯುವಷ್ಟು. ಊಟ ಒಯ್ದು ಕೊಡುತ್ತಿದ್ದವಳು ನಾನು. ಮೊದಮೊದಲು ಅಕ್ಕ ತಟ್ಟೆ ನೋಡಿ ಮುಖ ಸಿಂಡರಿಸಿ, ಹೊರಗೆ ಏನು ಅಡಿಗೆ ಎಂದು ಕೇಳುವಳು. ನಾನು ಹೇಳುವೆ. ಆಮೇಲಾಮೇಲೆ ಅವಳು ಕೇಳುವುದನ್ನೂ ಬಿಟ್ಟಳು.

ಒಂದು ತಿಂಗಳು ಕಳೆದ ಮೇಲೆ ಅವಳ ಅಂಗಾಲು ಉರಿಯತೊಡಗಿತು. ಕಾಲು ತನ್ನದಲ್ಲ ಎನಿಸುತ್ತದೆ, ಜೋಮು ಹಿಡಿದದ್ದು ಬಿಡುವುದಿಲ್ಲ ಎನ್ನುವಳು. ಎದ್ದು ನಿಂತರೆ ಮೊಣಕಾಲು ಕುಸಿಯುವುದು. ಅಜ್ಜಿ ಅದನ್ನು ವಾಯು ಎಂದಳು. ಪಥ್ಯ ಎಲ್ಲೋ ಕೆಟ್ಟಿದೆ ಎಂದು ಗದರಿ ಕೇಳಿದಳು. ನಾನು ಕದ್ದು ಏನನ್ನೂ ಕೊಟ್ಟಿರಲಿಲ್ಲ. ಅಕ್ಕನ ಪಾಲಿನ ತುಪ್ಪವನ್ನೂ ಅರ್ಧಕ್ಕೆ ಇಳಿಸಿದರು. ಅವ್ವ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅತ್ತೆಯ ಮಾತಿಗೆ ಎದುರು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಕೂಸು ಮೊದಲು ಗುಂಡಗೆ ಇತ್ತು. ನೋಡಿದವರು ದೃಷ್ಟಿ ತೆಗೆಯಿರಿ ಎನ್ನುತ್ತಿದ್ದರು. ಎರಡು ತಿಂಗಳು ದಾಟಿದ ಮೇಲೆ ಹಾಲು ಕುಡಿದದ್ದನ್ನು ಕಕ್ಕತೊಡಗಿತು, ಮುಖ ಬಾತಂತೆ ಕಾಣತೊಡಗಿತು. ಆಮೇಲೆ ಅದರ ಅಳುವಿನ ದನಿ ಅಡಗಿತು. ಬಾಯಿ ಅಗಲಿಸಿ, ಮುಖ ಕೆಂಪಗೆ ಮಾಡಿಕೊಂಡು ಅಳುತ್ತದೆ, ಸದ್ದು ಮಾತ್ರ ಇಲ್ಲ. ಬಾಗಿಲಿನಲ್ಲಿ ನಿಂತು ಅದನ್ನು ಮೊದಲು ನೋಡಿದವಳು ನಾನು. ಕಿರುಚಿ ಅಳುವ ಮಗುವನ್ನು ಸಮಾಧಾನ ಮಾಡಬಹುದು. ಸದ್ದಿಲ್ಲದೆ ಅಳುವ ಮಗುವನ್ನು ಎತ್ತಿಕೊಂಡು ಏನು ಮಾಡುವುದೆಂದು ಅಕ್ಕನಿಗೂ ತಿಳಿಯಲಿಲ್ಲ. ಊರಿನ ಪಂಡಿತರು ಬಂದು ಗುಳಿಗೆ ತೇಯ್ದು ನೆಕ್ಕಿಸಿದರು. ಮರುದಿನ ಮಧ್ಯಾಹ್ನ, ಅಪ್ಪ ಮಂಡಿಯಿಂದ ಊಟಕ್ಕೆ ಬರುವ ಹೊತ್ತಿಗೆ, ಕೂಸು ಅಕ್ಕನ ತೊಡೆಯ ಮೇಲೆಯೇ ಹೋಗಿಬಿಟ್ಟಿತು.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಯಾರೂ ಯಾರನ್ನೂ ದೂರಲಿಲ್ಲ. ಅಜ್ಜಿ ಮಾತ್ರ, ತಾಯಿ ಹಾಲು ಕೆಟ್ಟಿತ್ತು ಎಂದು ಒಂದು ಸಲ ಅಂದಳು. ಅವಳು ಅದನ್ನು ನೆರೆಮನೆಯವರಿಗೆ ಹೇಳಿದ್ದು. ಅಕ್ಕ ಕೋಣೆಯೊಳಗೆ ಎಚ್ಚರವಾಗಿದ್ದಳು.

ಭಾವ ಬಂದು ಅವಳನ್ನು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವಳ ಅತ್ತೆ ಕಠಿಣ ಸ್ವಭಾವದವರೇನಲ್ಲ. ಅವರು ಚನ್ನರಾಯಪಟ್ಟಣದ ಕಡೆಯ ಬಾಗೂರಿನವರು, ವ್ರತ ನೇಮಗಳಲ್ಲಿ ಬಹಳ ನಂಬಿಕೆ. ಮುಂದಿನ ಮಗು ಉಳಿಯಲಿ ಎಂದು ಸೊಸೆಯಿಂದ ಸೋಮವಾರದ ಉಪವಾಸ ಹಿಡಿಸಿದರು. ಅಲ್ಲಿಂದ ಮುಂದಿನದೆಲ್ಲ ಅಕ್ಕ ತಾನಾಗಿ ಹಿಡಿದದ್ದು. ಗುರುವಾರದ ಊಟವನ್ನೂ ಬಿಟ್ಟಳು. ರಾತ್ರಿ ಊಟ ಬಿಟ್ಟಳು. ಆಮೇಲೆ ಉಪ್ಪು. ಯಾರೋ ಕುಂಬಳಕಾಯಿ ನಂಜು ಎಂದರೆ ಅದು, ಯಾರೋ ಬೆಲ್ಲ ಉಷ್ಣ ಎಂದರೆ ಅದು. ಯಾರೂ ಏನೂ ಹೇಳದಿದ್ದರೆ ತಾನೇ ಯೋಚಿಸಿ ಒಂದನ್ನು ಬಿಡುವಳು.

ನಾನು ಮುಂದಿನ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ಹೇಮಾವತಿಯಲ್ಲಿ ಬಟ್ಟೆ ಒಗೆಯಲು ಅವಳೊಡನೆ ಹೋದಾಗ, ಮೆಟ್ಟಿಲು ಹತ್ತಲಾರದೆ ಅವಳು ಎರಡು ಕಡೆ ಕೂತಳು. ಕೈಯ ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಮಧ್ಯಾಹ್ನ ಎಲ್ಲರದೂ ಆದ ಮೇಲೆ ಅವಳು ಎಲೆ ಹಾಕಿಕೊಂಡು, ಒಂದು ಹಿಡಿ ಅನ್ನಕ್ಕೆ ಬಿಸಿನೀರು ಬೆರೆಸಿ ಕಲಸಿದಳು. ತಿನ್ನುವ ಮೊದಲು ಅದನ್ನು ಬೆರಳಿನಿಂದ ಕೆದಕಿ ಕೆದಕಿ ನೋಡಿದಳು. ಏನು ಹುಡುಕುತ್ತೀಯ ಎಂದು ನಾನು ಕೇಳಿದೆ.

"ಏನಿಲ್ಲ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಯಾವ್ದ್ರಲ್ಲಿ ಏನದೋ ಯಾರ್ಗೊತ್ತು ಕಣೇ. ನಾ ತಿಂದದ್ದೇ ಅಲ್ವಾ ಕೂಸ್ನ ಒಟ್ಟೆಗೆ ಓದದ್ದು," ಎಂದಳು.

ಊರಿಗೆ ಹಿಂತಿರುಗಿದ ಮೇಲೆ ಇದನ್ನು ಅವ್ವನಿಗೆ ಹೇಳಿದೆ. ಅವಳು ಕೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಲವು ವಾರಗಳಲ್ಲಿ ಭಾವನೇ ನಮ್ಮ ಮನೆಗೆ ಬಂದರು. ಅವರು ಹೆಚ್ಚು ಮಾತಿನವರಲ್ಲ. ಪಡಸಾಲೆಯಲ್ಲಿ ಅಪ್ಪನ ಎದುರಿಗೆ ತಲೆ ತಗ್ಗಿಸಿ ಕೂತು, ನಿಮ್ಮ ಮಗಳು ಉಣ್ಣುವುದನ್ನು ಬಿಟ್ಟಿದ್ದಾಳೆ, ನನ್ನ ಕೈಲಿ ಆಗುತ್ತಿಲ್ಲ, ಹಾಸನದ ಆಸ್ಪತ್ರೆಗೆ ತೋರಿಸೋಣ ಎಂದರು. ಬಾಣಂತಿ ಕಾಯಿಲೆಗೆ ಆಸ್ಪತ್ರೆ ಏಕೆ ಎಂದು ಅಜ್ಜಿ ಒಳಗಿನಿಂದ ಅಂದಳು. ಅವ್ವ ಅಡಿಗೆಮನೆಯಿಂದ ಹೊರಗೆ ಬಂದು ಗಂಡಸರ ಮುಂದೆ ನಿಂತು, ತಾನೂ ಹೋಗುತ್ತೇನೆ ಎಂದಳು. ಅಷ್ಟೇ ಹೇಳಿದ್ದು. ಅಪ್ಪ ಅವಳನ್ನೇ ನೋಡಿ ಹೂಂ ಎಂದರು.

ಭಾವ ಅಕ್ಕನನ್ನು ಅರಕಲಗೂಡಿಗೆ ಕರೆತಂದರು, ನಾನೂ ಅವರ ಜೊತೆ ಹಾಸನಕ್ಕೆ ಹೊರಟೆ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು. ಏರಿನಲ್ಲೆಲ್ಲ ಜನ ಇಳಿದು ನಡೆಯಬೇಕು. ಅಕ್ಕನನ್ನು ಮಾತ್ರ ಇಳಿಸಲಿಲ್ಲ. ಹಾಸನ ಮುಟ್ಟುವ ಹೊತ್ತಿಗೆ ನಮ್ಮ ಮೂಗಿನೊಳಗೆಲ್ಲ ಕಪ್ಪು.

ಡಾಕ್ಟರಮ್ಮ ನಡುವಯಸ್ಸಿನವರು, ಸಣ್ಣ ದನಿಯವರು. ಅಕ್ಕನ ಮೊಣಕಾಲಿಗೆ ತಟ್ಟಿ ನೋಡಿದರು. ಪಾದದ ಮೇಲೆ ಬೆರಳು ಒತ್ತಿದರು. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಏನೇನು ತಿನ್ನುತ್ತೀರಿ ಎಂದು ಕೇಳಿದರು. ಅಕ್ಕ ಏನು ತಿನ್ನುವುದಿಲ್ಲ ಎಂಬುದನ್ನು ಹೇಳತೊಡಗಿದಳು. ಬೆರಳು ಮಡಿಸುತ್ತ ಹೇಳಿದಳು, ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋದಳು. ಅವರು ನಡುವೆ ಬಾಯಿ ಹಾಕಲಿಲ್ಲ. ಬಾಣಂತನದಲ್ಲಿ ಏನು ಕೊಟ್ಟಿರಿ ಎಂದು ಅವ್ವನನ್ನು ಕೇಳಿದರು, ಕೂಸಿನ ಅಳುವಿನ ವಿಷಯ ಕೇಳಿದರು. ಅಳು ಅಂದಾಗ ಅವ್ವ ನನ್ನ ಕಡೆ ನೋಡಿದಳು. ನಾನೇ ಹೇಳಿದೆ.

ಈ ಕಾಯಿಲೆಗೆ ಒಂದು ಹೆಸರಿದೆ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ಆಗ ಅದು ನಮ್ಮ ಕಿವಿಯಲ್ಲಿ ನಿಲ್ಲಲಿಲ್ಲ. ಅಕ್ಕಿಯ ಮೇಲಿನ ಕೆಂಪು ತೌಡನ್ನೆಲ್ಲ ಮಿಲ್ಲಿನಲ್ಲಿ ತೆಗೆದು, ಉಳಿದದ್ದನ್ನೇ ತಿಂದು, ಜೊತೆಗೆ ಕಾಳು ಬೇಳೆ ಏನೂ ಇಲ್ಲದಿದ್ದರೆ ಬರುವ ಕಾಯಿಲೆ ಅದು ಎಂದು ವಿವರಿಸಿದರು. ಬಾಣಂತಿ ಹೇಗೋ ತಡೆದುಕೊಳ್ಳುತ್ತಾಳೆ, ಅವಳ ಹಾಲನ್ನೇ ನಂಬಿದ ಕೂಸು ತಡೆಯುವುದಿಲ್ಲ ಎಂದರು. ಅವ್ವ ಪಥ್ಯ ಏನು ಮಾಡಿಸಲಿ ಎಂದು ಕೇಳಿದಳು.

"ಪಥ್ಯ ಇಲ್ಲ ತಾಯಿ," ಎಂದರು ಅವರು. "ಇವರ ಕೈಲಿ ಬಿಡಿಸೋದಕ್ಕೆ ಇನ್ನೇನು ಉಳಿದಿದೆ? ಮನೇಲಿ ಎಲ್ಲರಿಗೂ ಮಾಡಿದ್ದೇ ಇವರಿಗೂ ಹಾಕಿ. ರಾಗಿ, ಕಾಳು, ಸೊಪ್ಪು, ಮಜ್ಜಿಗೆ. ಹೊತ್ತಿಗೆ ಸರಿಯಾಗಿ, ಹೊಟ್ಟೆಗೆ ಬೇಕಾದಷ್ಟು. ಹಬ್ಬದ ದಿನ ಹಬ್ಬದ ಊಟ."

ಅಕ್ಕ ಅಲ್ಲಿಯವರೆಗೆ ನೆಲ ನೋಡುತ್ತಿದ್ದಳು. "ನನ್ನ ಆಲೇ ಕೂಸ್ನ ತೆಗೀತಾ?" ಎಂದು ಕೇಳಿದಳು.

ಡಾಕ್ಟರಮ್ಮ ಅವಳ ಕಡೆಗೆ ತಿರುಗಿದರು. "ಹಾಲಲ್ಲಿ ಕೆಟ್ಟದ್ದು ಏನೂ ಇರಲಿಲ್ಲ," ಎಂದರು. "ಇರಬೇಕಾದ್ದು ಇರಲಿಲ್ಲ. ನಿಮಗೆ ಕೊಟ್ಟಿದ್ದರೆ ತಾನೇ ನೀವು ಅದಕ್ಕೆ ಕೊಡೋದು?"

ಆ ಮಾತು ಅಕ್ಕನ ಹೊರೆಯನ್ನು ಇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವನ ಮೇಲೆ ಮಾತ್ರ ಅದು ಬಿತ್ತು. 

ಅಕ್ಕನನ್ನು ಕೆಲವು ತಿಂಗಳು ಅರಕಲಗೂಡಿನಲ್ಲೇ ಇಟ್ಟುಕೊಂಡೆವು. ಬಂದ ಮರುದಿನ ಬೆಳಿಗ್ಗೆ ಅವ್ವ ಬೀಸುವ ಕಲ್ಲಿನ ಮುಂದೆ ಕೂತಳು. ಮಧ್ಯಾಹ್ನ ಸಾಲಾಗಿ ಎಲೆ ಹಾಕಿ, ಅಪ್ಪನಿಗೂ ಅಜ್ಜಿಗೂ ಅಕ್ಕನಿಗೂ ನನಗೂ ಒಂದೇ ಊಟ ಬಡಿಸಿದಳು: ಮುದ್ದೆ, ಹುರುಳಿಕಾಳು ಹಾಕಿದ ಬಸ್ಸಾರು, ಒಗ್ಗರಣೆ ಹಾಕಿದ ಸೊಪ್ಪು, ಕೊನೆಗೆ ಒಂದಿಷ್ಟು ಅನ್ನ, ಮಜ್ಜಿಗೆ. ಅಪ್ಪ ಎಲೆ ನೋಡಿ, ಯಾರಾದರೂ ನೆಂಟರು ಬಂದರೆ ಏನೆಂದುಕೊಳ್ಳುತ್ತಾರೆ ಎಂದರು. ಬಂದವರಿಗೂ ಇದನ್ನೇ ಇಕ್ಕುತ್ತೇನೆ ಎಂದಳು ಅವ್ವ. ಅಪ್ಪ ಮಾತು ಬೆಳೆಸಲಿಲ್ಲ. ಯುದ್ಧದಿಂದಾಗಿ ಅಕ್ಕಿಗೆ ಕಂಟ್ರೋಲು ಬಂದಿತ್ತು, ಮಂಡಿಯಲ್ಲಿ ಚೀಲಗಳೇ ಇರಲಿಲ್ಲ. ಅವರ ಹೆಮ್ಮೆಗೆ ಆಗಲೇ ಪೆಟ್ಟು ಬಿದ್ದಿತ್ತು.

ಅಜ್ಜಿ ಎಲೆ ಮುಟ್ಟಲಿಲ್ಲ. ನಮ್ಮ ಊಟ ಮುಗಿಯುವವರೆಗೆ ಕಂಬಕ್ಕೆ ಒರಗಿ ಕೂತಿದ್ದಳು. ಅಪ್ಪ ಕೈತೊಳೆದು ಮಂಡಿಗೆ ಹೋದ ಮೇಲೆ, ಹಾಸನದಲ್ಲಿ ಏನಂದರು ಎಂದು ಅವ್ವನನ್ನು ಕೇಳಿದಳು. ಅವ್ವ ಹೇಳಿದಳು. ಮುಚ್ಚಿಡಲೂ ಇಲ್ಲ, ಚುಚ್ಚಲೂ ಇಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ಅಜ್ಜಿ ಕಂಬ ಬಿಟ್ಟು ನೆಟ್ಟಗೆ ಕೂತಳು. ನಾನು ಎಲೆ ಎತ್ತಲು ಬಗ್ಗಿದ್ದವಳು ಹಾಗೇ ನಿಂತೆ.

"ಅಂಗಾರೆ ನನ್ನ ಮಕ್ಳೂ ಅಂಗೇ ಓದ್ವಾ?" ಎಂದಳು.

ಅಜ್ಜಿಗೆ ಅಪ್ಪನಿಗಿಂತ ಮುಂಚೆ ಮಕ್ಕಳಾಗಿದ್ದವು ಎಂದು ನನಗೆ ಗೊತ್ತಿತ್ತು. ಅವು ಹೇಗೆ ಹೋದವೆಂದು ಅವಳು ಎಂದೂ ಹೇಳಿರಲಿಲ್ಲ. ಅಂದು ಹೇಳಿದಳು. ಆಗ ಮಿಲ್ಲು ಇರಲಿಲ್ಲ. ಅವಳ ಅತ್ತೆ ಬಾಣಂತಿಗೆಂದು ಅಕ್ಕಿಯನ್ನು ಮತ್ತೆ ಮತ್ತೆ ಕುಟ್ಟಿಸಿ ಬೆಳ್ಳಗೆ ಮಾಡಿಸುತ್ತಿದ್ದಳಂತೆ. ಕೂಸುಗಳು ಮೂರು ನಾಲ್ಕು ತಿಂಗಳಿಗೆ ಹೋಗುತ್ತಿದ್ದವಂತೆ. ಅಪ್ಪ ಹುಟ್ಟಿದಾಗ ಅಜ್ಜಿಗೆ ಹಾಲೇ ಬರಲಿಲ್ಲ. ನಮ್ಮ ಹೊಲ ಮಾಡುತ್ತಿದ್ದ ಒಕ್ಕಲಿನವಳೊಬ್ಬಳು ಆಗಷ್ಟೇ ಹೆತ್ತಿದ್ದಳು. ಮನೆಯವರಿಗೆ ತಿಳಿಯದ ಹಾಗೆ ಹಿತ್ತಿಲಿಗೆ ಬಂದು ಅಪ್ಪನಿಗೆ ಮೊಲೆ ಕೊಟ್ಟು ಹೋಗುತ್ತಿದ್ದಳು.

"ಅವ್ಳು ರಾಗಿಟ್ಟು ಸೊಪ್ಪು ಎಲ್ಲ ತಿಂತಿದ್ಲು," ಎಂದಳು ಅಜ್ಜಿ. "ನಾನು ದೇವ್ರು ಕಣ್ಬುಟ್ಟ ಅಂದ್ಕಂಡಿದ್ದೆ."

ಅವ್ವ ಅವಳ ಪಕ್ಕದಲ್ಲಿ ಕೂತಳು. ಆ ಇಬ್ಬರು ಒಬ್ಬರ ಪಕ್ಕ ಒಬ್ಬರು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಯಾರ್ಗೂ ಗೊತ್ತಿರ್ನಿಲ್ಲ ಕಣತ್ತೆ," ಎಂದಳು. ಅಜ್ಜಿ ತಲೆ ಅಲ್ಲಾಡಿಸಿದಳು. ಒಪ್ಪಿದ್ದೋ ಒಪ್ಪದ್ದೋ ತಿಳಿಯಲಿಲ್ಲ. ಅಂದು ಅವಳು ಊಟ ಮಾಡಲಿಲ್ಲ. ಮರುದಿನ ಅವ್ವ ಬಡಿಸಿದ್ದನ್ನು ಉಂಡಳು. ಅದಾದ ಮೇಲೆ ಕೇರಿಯ ಹೆಂಗಸರು ಪಥ್ಯ ಕೇಳಲು ಬಂದರೆ, ನನಗೇನೂ ಗೊತ್ತಿಲ್ಲ, ಹೋಗಿ ಎಂದು ಕಳುಹಿಸಿಬಿಡುವಳು. ಬಂದವರು ಮುದುಕಿಗೆ ಮರೆವು ಬಂತು ಅಂದುಕೊಂಡರು.

ಅಕ್ಕ ಸುಧಾರಿಸಿದ್ದು ನಿಧಾನವಾಗಿ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಪುಡಿಯಿಂದ ಕಾಲಿನ ಊತ ಬೇಗ ಇಳಿಯಿತು. ಜೋಮು ಬಿಡಲು ತಿಂಗಳುಗಳೇ ಬೇಕಾದವು. ಅದಕ್ಕಿಂತ ಕಷ್ಟವಾದದ್ದು ತುತ್ತು ಬಾಯಿಗೆ ಹೋಗುವುದು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೈಯಲ್ಲೇ ಹಿಡಿದುಕೊಂಡಿರುವಳು. ಅಪ್ಪ ತಿನ್ನವ್ವ ಎನ್ನುವರು, ನಾನು ತಿನ್ನೇ ಎನ್ನುವೆ, ಅವಳ ಕಣ್ಣಲ್ಲಿ ನೀರು ಬರುವುದು. ಅವ್ವ ನಮ್ಮ ಇಬ್ಬರ ಬಾಯನ್ನೂ ಮುಚ್ಚಿಸಿದಳು. ಅವಳ ಒತ್ತಾಯ ಒಂದೇ, ಎಲ್ಲರೂ ಕೂರುವ ಹೊತ್ತಿಗೆ ಅಕ್ಕನೂ ಕೂರಬೇಕು. "ಬ್ಯಾಡಾದ್ರೆ ಬುಡು. ನಮ್ ಜತೆ ಕೂತ್ಕ," ಎನ್ನುವಳು. ಎಲೆಯ ಮೇಲೆ ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತಿತ್ತು. ಉಳಿದರೆ ಮಾತಿಲ್ಲದೆ ಎತ್ತುವಳು. ವಾರದ ಕೊನೆಗೆ ಒಂದು ದಿನ ಮುದ್ದೆ ಖಾಲಿಯಾಗಿತ್ತು. ಅವ್ವ ಅದನ್ನು ನೋಡಿಯೂ ನೋಡದಂತೆ ಮಜ್ಜಿಗೆ ಬಡಿಸಿದಳು.

ಗೌರಿ ಹಬ್ಬದ ದಿನ ಅಕ್ಕ ಒಂದು ಹೋಳಿಗೆ ತಿಂದಳು. ತಿಂದು ಸಂಜೆಯವರೆಗೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಏನೋ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ಅದನ್ನು ಅವಳು ನನಗೆ ಹೇಳಿದ್ದು ಆಶ್ಚರ್ಯದಿಂದ. ನನಗೆ ನಗು ಬರಲಿಲ್ಲ.

ಗಂಡನ ಮನೆಗೆ ಹೋಗುವಾಗ ಅವ್ವ ಎರಡು ಚೀಲ ರಾಗಿ ಕಳುಹಿಸಿದಳು. ಅಕ್ಕನ ಅತ್ತೆಗೆ ಇದು ಅವಮಾನವೆನಿಸಿತಂತೆ. ಭಾವ ಮಧ್ಯೆ ಬಂದು, ನನಗೂ ಇದೇ ಬೇಕು ಎಂದು ಮುದ್ದೆ ಹಾಕಿಸಿಕೊಂಡರು. ಹೆಂಡತಿ ಊಟಕ್ಕೆ ಕೂರುವವರೆಗೆ ತಾವೂ ಎಲೆಯ ಮುಂದೆ ಕೂರುತ್ತಿರಲಿಲ್ಲ. ಇದನ್ನು ಬೀದಿಯವರೆಲ್ಲ ಆಡಿಕೊಂಡರು. ಅತ್ತೆ ಬಹಳ ದಿನ ಮಗನೊಡನೆ ಮಾತು ಬಿಟ್ಟಿದ್ದರು. ಆದರೆ ಸೋಮವಾರದ ಉಪವಾಸದ ಮಾತನ್ನು ಸೊಸೆಯ ಹತ್ತಿರ ಮತ್ತೆ ಎತ್ತಲಿಲ್ಲ.

ಎರಡನೆಯ ಹೆರಿಗೆಗೆ ಅಕ್ಕ ಮತ್ತೆ ನಮ್ಮ ಮನೆಗೆ ಬರುವ ಹೊತ್ತಿಗೆ ಯುದ್ಧ ಮುಗಿದಿತ್ತು. ನನಗೂ ಮದುವೆ ಗೊತ್ತಾಗಿತ್ತು. ಅದೇ ಕೋಣೆ, ಈ ಸಲ ಅವ್ವ ಕಿಟಕಿ ತೆಗೆಸಿದ್ದಳು. ಹೆಣ್ಣು ಕೂಸು. ಬಾಣಂತಿಗೆ ಮೆಣಸಿನ ಸಾರೂ ಇತ್ತು, ಬೆಳ್ಳುಳ್ಳಿಯೂ ಇತ್ತು, ಅವುಗಳ ಜೊತೆಗೆ ಬೇಳೆಕಟ್ಟು, ನುಗ್ಗೆಸೊಪ್ಪು, ಹಾಲು, ಬಾಯಾರಿದಾಗ ನೀರು. ಅಜ್ಜಿ ಕೋಣೆಯ ಹೊರಗೆ ಚಾಪೆ ಹಾಕಿಕೊಂಡು ಕೂತಿರುತ್ತಿದ್ದಳು. ಒಳಗೆ ಹೋಗುವ ಪ್ರತಿ ತಟ್ಟೆಯನ್ನೂ ನೋಡುವಳು, ಬಾಯಿ ತೆರೆಯುವಳು, ಮುಚ್ಚುವಳು. ಮೂರನೆಯ ತಿಂಗಳು ಕಳೆಯುವವರೆಗೆ ಅವಳು ಕೂಸನ್ನು ಎತ್ತಿಕೊಳ್ಳಲಿಲ್ಲ. ಆ ತಿಂಗಳು ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಕೂಸು ಒಮ್ಮೆ ಹಾಲು ಕಕ್ಕಿದಾಗ ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡುಬಿಟ್ಟಳು. ಅವ್ವ ಕೂಸಿನ ಬೆನ್ನು ತಟ್ಟಿ ತೇಗಿಸಿದಳು. ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಜ್ಜಿ ತಾನಾಗಿ ಕೈ ಚಾಚಿದಳು. ಅದಾದ ಮೇಲೆ ಅಜ್ಜಿ ಬಹಳ ದಿನ ಬದುಕಲಿಲ್ಲ.

ಆ ಕೂಸು ಬೆಳೆದು ಈಗ ಮೂರು ಮಕ್ಕಳ ತಾಯಿ. ಮೈ ದಪ್ಪವಾಯಿತೆಂದು ಈಚೆಗೆ ಊಟದಲ್ಲಿ ಇದು ಬಿಟ್ಟೆ ಅದು ಬಿಟ್ಟೆ ಎನ್ನುತ್ತಿರುತ್ತಾಳೆ. ಅವಳು ಹಾಗೆ ಹೇಳಿದಾಗಲೆಲ್ಲ ಅಕ್ಕ ಮಾತು ಬದಲಾಯಿಸಿ, ಇದ್ದದ್ದರಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಅವಳ ತಟ್ಟೆಗೆ ಹಾಕುತ್ತಾಳೆ. ನಮ್ಮವ್ವನಿಗೆ ಊಟದ ಹುಚ್ಚು ಎಂದು ಮಗಳು ನನ್ನ ಹತ್ತಿರ ನಗುತ್ತ ದೂರುತ್ತಾಳೆ. ತನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿದ್ದ ಎಂಬುದನ್ನು ಅಕ್ಕ ಅವಳಿಗೆ ಹೇಳಿಲ್ಲ. ನೀನೇ ಒಂದು ದಿನ ಹೇಳು ಎಂದು ನನಗೆ ಹೇಳಿದ್ದಾಳೆ. ನನಗೂ ಇನ್ನೂ ಬಾಯಿ ಬಂದಿಲ್ಲ.